ಉಪ್ಪುನೀರಿನ ಮೊಲಗಳು

ಹೈದರಾಬಾದ್
8 ಜನವರಿ 2025

ಮಾಮುಗೆ ಉಜ್ಮಾಳ ಸಲಾಂ.

ನಿಮ್ಮ ಕಿವಿಗೂ ಫೋನಿಗೂ ಕೂಡಿಬರುವುದಿಲ್ಲ, ಅದಕ್ಕೇ ಈ ಕಾಗದ. ಮೊನ್ನೆ ನಾನು "ಮೊಣಕಾಲು ಹ್ಯಾಂಗ ಐತ್ರಿ?" ಎಂದು ಕೂಗಿ ಕೂಗಿ ಕೇಳಿದರೆ, ನೀವು ಗಂಗಾವತಿಯಲ್ಲಿ ಅಕ್ಕಿ ದರ ಇಳಿದ ಕಥೆ ಹೇಳಿದಿರಿ. ಪಕ್ಕದ ಕೋಣೆಯ ಹುಡುಗಿಯರು ಇನ್ನೂ ನಗುತ್ತಿದ್ದಾರೆ. ಅಕ್ಕಿ ಗಿರಣಿ ನಿಮ್ಮ ಕಿವಿ ತಿಂದರೂ ಕಣ್ಣು ಬಿಟ್ಟಿದೆಯಲ್ಲ, ಅಷ್ಟೇ ಸಮಾಧಾನ.

ಕೆಲಸ ಏನು ಎಂದು ಕೇಳಿದ್ದಿರಿ. ಲಿವರ್ ಕೆಟ್ಟವರಿಗೆ ಒಂದು ಔಷಧಿ ತಯಾರಾಗುತ್ತಿದೆ. ಮನುಷ್ಯರಿಗೆ ಕೊಡುವ ಮೊದಲು ಪ್ರಾಣಿಗಳಲ್ಲಿ ನೋಡಬೇಕು. ನಮ್ಮಲ್ಲಿ ಹತ್ತು ಮೊಲಗಳಿವೆ. ಔಷಧಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣ ಅಂಟಿಸಿ ಅವುಗಳ ರಕ್ತಕ್ಕೆ ಬಿಡುತ್ತೇವೆ. ಆಮೇಲೆ ಮೊಲವನ್ನು ಮಲಗಿಸಿ ಎರಡು ಮಷಿನ್ ಒಳಗೆ ತೂರಿಸುತ್ತೇವೆ. ಎರಡೂ ಅಯಸ್ಕಾಂತದವು. ಒಂದು ನಿಮ್ಮ ಸೊಂಟಕ್ಕೆ ಮಾಡಿಸಿದ್ದೆವಲ್ಲ, ಅದೇ ಎಂಆರ್‌ಐ. ಅದು ಒಳಗಿನ ಒಂದೊಂದು ಅಂಗವನ್ನೂ ಬರೆದು ತೋರಿಸುತ್ತದೆ. ಇನ್ನೊಂದು ಹೊಸದು, ಅದಕ್ಕೆ ಕಬ್ಬಿಣ ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ಒಂದು ಮಷಿನ್ ಮನೆ ತೋರಿಸುತ್ತದೆ, ಇನ್ನೊಂದು ದೀಪ ತೋರಿಸುತ್ತದೆ. ಎರಡು ಚಿತ್ರ ಒಂದರ ಮೇಲೊಂದು ಇಟ್ಟಾಗ ದೀಪ ಯಾವ ಕೋಣೆಯಲ್ಲಿ ಹತ್ತಿದೆ ಎಂದು ತಿಳಿಯುತ್ತದೆ. ಹಾಗೆ ಇಡುವವಳು ನಾನು.

ಕೆಲಸ ಮುಗಿದ ಮೇಲೆ ಮೊಲಗಳನ್ನು ಏನು ಮಾಡುತ್ತಾರೆ ಎಂದು ಅಮ್ಮಿ ಕೇಳಿದಳು. "ತೋಟಕ್ಕ ಬಿಡ್ತಾರ" ಎಂದೆ. ನಿಮಗೆ ಮಾತ್ರ ಹೇಳುತ್ತೇನೆ, ಬಿಡುವುದಿಲ್ಲ.

ಬಕ್ರೀದಿನ ಟಗರಿಗೆ ನೀವು ನನ್ನ ಕೈಯಿಂದಲೇ ಮೇವು ತಿನ್ನಿಸುತ್ತಿದ್ದಿರಿ, ಅಂಗೈಯಲ್ಲಿ ನೀರು ಕುಡಿಸುತ್ತಿದ್ದಿರಿ. "ಹೊಟ್ಟಿ ಹಸಿದ, ಗಂಟಲ ಒಣಗಿದ ಜೀವಾ ಕಳಸಬಾರದವ್ವಾ, ಮ್ಯಾಲ ಲೆಕ್ಕ ಕೇಳ್ತಾರ" ಎನ್ನುತ್ತಿದ್ದಿರಿ. ಇಲ್ಲಿ ಮೊಲಗಳಿಗೆ ಗುಳಿಗೆಯಂಥ ಮೇವು ಕೊಡುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಒಂದು ಚೀಲ ಕರಕಿ ಹುಲ್ಲು ಕಳಿಸುತ್ತೀರಾ? ಕನಕಗಿರಿಯ ಪಕೀರಪ್ಪ ಕಾಕಾನ ಹೊಲದ ಬದುವಿನದೇ ಇರಲಿ. ಅಲ್ಲಿ ಹುಳ ಸಾಯಿಸುವ ಎಣ್ಣೆ ಹೊಡೆಯುವುದಿಲ್ಲ.

ನಿಮ್ಮ ಉಜ್ಮಾ


ಭಾಗ್ಯನಗರ, ಕೊಪ್ಪಳ
19 ಜನವರಿ 2025

ಬೇಟಿ ಉಜ್ಮಾಗೆ ದುವಾ.

ನಿನ್ನ ಮೊಲಗಳ ಊಟ ಈ ಕಾಗದದ ಜೊತೆಗೇ ಬಂದಿದೆ. ಇನ್ನು ಅದರ ಕಥೆ ಕೇಳು.

ಪಕೀರಪ್ಪ ಬದುವಿನ ಮೇಲೆ ಕೂತು ಬೀಡಿ ಸೇದುತ್ತ ನನ್ನ ಕೊಯ್ಲು ನೋಡಿದ. "ಬಾಷಾ, ಅಕ್ಕಿ ಗಿರಣಿಯಾಗ ಮುದುಕ ಆದಿ, ಕುಡಗೋಲು ಹಿಡಿಯೂದು ಕಲೀಲಿಲ್ಲ. ಹುಲ್ಲು ಕೊಯ್ಯಾಕ ಹತ್ತಿಯೋ, ಕ್ಷೌರಾ ಮಾಡಾಕ ಹತ್ತಿಯೋ?" ಎಂದ. ಆಮೇಲೆ ತಾನೇ ಎದ್ದು ಬಂದು ಅರ್ಧ ಚೀಲ ತುಂಬಿಸಿಕೊಟ್ಟ. ಕನಕಗಿರಿಯಿಂದ ಗಂಗಾವತಿ, ಅಲ್ಲಿಂದ ಕೊಪ್ಪಳ, ಬಸ್ಸಿನಲ್ಲಿ ಚೀಲ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳ ಕೂಸು ದಾರಿಯುದ್ದಕ್ಕೂ ಚೀಲದಿಂದ ಎಳೆ ಎಳೆದು ತಿಂದಿತು. ನಿನ್ನ ಮೊಲಗಳಿಗಿಂತ ಮೊದಲು ರುಚಿ ನೋಡಿದ್ದು ಅದೇ.

ಹೈದರಾಬಾದ್ ಬಸ್ಸಿನ ರಫೀಕ ಚೀಲ ಬಿಚ್ಚಿ ನೋಡಿ, "ಮಾಮು, ಎಲ್ಲಾರೂ ಮಕ್ಕಳಿಗೆ ಜ್ವಾಳದ ರೊಟ್ಟಿ ಕಳಸ್ತಾರ, ನೀವೇನ್ರಿ ಹುಲ್ಲು ಕಳಸಾಕ ಹತ್ತೀರಿ?" ಎಂದ. "ನಮ್ಮ ಸೊಸಿ ಭಾಳ ಓದ್ಯಾಳಪಾ, ಈಗ ರೊಟ್ಟಿ ಇಳಿಯಂಗಿಲ್ಲ" ಎಂದೆ.

ಮೊಣಕಾಲು ಸ್ವಲ್ಪ ತಕರಾರು ಮಾಡುತ್ತದೆ. ಮಾಡಲಿ, ನನ್ನ ಮಾತು ಯಾರು ಕೇಳುತ್ತಾರೆ, ಅದು ಕೇಳಲಿಕ್ಕೆ.

ನಿನ್ನ ಮಾಮು ಹುಸೇನಬಾಷಾ


ಹೈದರಾಬಾದ್
5 ಫೆಬ್ರವರಿ 2025

ಮಾಮುಗೆ ಸಲಾಂ.

ಅವು ತಿನ್ನುವ ಸದ್ದು ನೀವು ಕೇಳಬೇಕಿತ್ತು. ನಿಮ್ಮ ಕಿವಿಗೂ ಕೇಳುತ್ತಿತ್ತು ಬಿಡಿ. ಈಗ ನಾನು ಬಾಗಿಲು ತೆಗೆದರೆ ಸಾಕು, ಹತ್ತೂ ಎದ್ದು ನಿಲ್ಲುತ್ತವೆ. ಕೈಯಿಂದ ತಿನ್ನಿಸಿ, ಅಂಗೈಯಲ್ಲಿ ನೀರು ಕುಡಿಸಿ, ಮಷಿನ್ ಕೋಣೆಗೆ ಒಯ್ಯುವಾಗಲೂ ನನ್ನ ಎದೆಗೆ ಒರಗಿಕೊಂಡು ಸುಮ್ಮನಿರುತ್ತವೆ. ಔಷಧಿ ಕೊಡುವ ಮೊದಲಿನ ಚಿತ್ರಗಳು ಮುಗಿದವು. ಎಲ್ಲ ಕತ್ತಲು, ಕಬ್ಬಿಣ ಇಲ್ಲದ ಹೊಟ್ಟೆ ಹಾಗೇ ಇರಬೇಕು.

ಇಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಸಿಕ್ಕಿದ್ದಾನೆ. ಯಂಕೇಶ ಅಂತ, ಕುಷ್ಟಗಿಯವನು. ಸೂಜಿ ತುಂಬಿಸುವುದು ಅವನ ಕೆಲಸ. ಐದು ಮೊಲಕ್ಕೆ ಔಷಧಿ, ಹೋಲಿಸಿ ನೋಡಲಿಕ್ಕೆ ಇನ್ನೈದಕ್ಕೆ ಬರೀ ಉಪ್ಪುನೀರು. ಅದಲುಬದಲು ಆಗಬಾರದೆಂದು ಸೂಜಿಯ ನಂಬರು, ಮೊಲದ ನಂಬರು ಎರಡೆರಡು ಸಲ ಗಟ್ಟಿಯಾಗಿ ಓದುತ್ತಾನೆ, ಸಾಲಿಯಲ್ಲಿ ಮಗ್ಗಿ ಹೇಳಿದ ಹಾಗೆ. ನಿನ್ನೆ ಬಂದವನೇ ಮೂಗು ಅರಳಿಸಿ, "ಅಕ್ಕಾರ, ಇಲ್ಲೆ ನಮ್ಮ ಹೊಲದ ವಾಸನಿ ಬರಾಕ ಹತ್ತೈತಲ್ರಿ!" ಎಂದ. ನಾನು ನಕ್ಕು ಸುಮ್ಮನಾದೆ.

ಕರಕಿ ಮುಗಿಯುತ್ತ ಬಂತು. ಇನ್ನೊಂದು ಚೀಲ ಬೇಗ ಕಳಿಸಿ. ಈ ತಿಂಗಳು ದಾಟಿದರೆ ಅವುಗಳಿಗೆ ಬೇಕಾಗುವುದಿಲ್ಲ.

ಉಜ್ಮಾ


ಭಾಗ್ಯನಗರ
12 ಫೆಬ್ರವರಿ 2025

ಬೇಟಿ ಉಜ್ಮಾಗೆ ದುವಾ.

ಎರಡನೇ ಚೀಲ ರಫೀಕನ ಕೈಯಲ್ಲಿ ಕೊಟ್ಟಿದ್ದೇನೆ. ಈ ಸಲ ಹುಲ್ಲು ಸ್ವಲ್ಪ ಮಬ್ಬಾಗಿದೆ, ಬಿಸಿಲು ನೋಡು. ಜಾಡಿಸಿ ಹಾಕು.

ಇಲ್ಲಿ ಎಲ್ಲ ಛಲೋ. ಮಾರೆವ್ವನ ಆಡು ಎರಡು ಮರಿ ಹಾಕಿದೆ. ಆಕೆ ದಿನಾ ನನ್ನ ಚಹಾಕ್ಕೆ ಒಂದು ಗ್ಲಾಸು ಹಾಲು ತಂದುಕೊಡುತ್ತಾಳೆ. ಪಕ್ಕದ ಮನೆ ಮುದುಕನ ಮೇಲೆ ಅಷ್ಟು ಪ್ರೀತಿ. ಬೇರೆ ಏನೂ ವಿಶೇಷವಿಲ್ಲ.

ಹುಸೇನಬಾಷಾ


ಹೈದರಾಬಾದ್
23 ಫೆಬ್ರವರಿ 2025

ಮಾಮು,

ಒಂದು ಸಣ್ಣ ವಿಷಯ. ಎರಡನೇ ಚೀಲದ ಹುಲ್ಲು ಪಕೀರಪ್ಪ ಕಾಕಾನ ಹೊಲದ್ದೇ ತಾನೆ? ಸುಮ್ಮನೆ ಕೇಳಿದೆ. ಈ ಕಾಗದ ಸಿಕ್ಕ ಕೂಡಲೇ ಎರಡು ಸಾಲು ಬರೆದು ಹಾಕಿ.

ಉಜ್ಮಾ


ಭಾಗ್ಯನಗರ
27 ಫೆಬ್ರವರಿ 2025

ಬೇಟಿ ಉಜ್ಮಾಗೆ ದುವಾ.

ಪಕೀರಪ್ಪನ ಹೊಲ ಬಿಟ್ಟು ಮತ್ತೆಲ್ಲಿಂದ ತರಲಿ? ಕನಕಗಿರಿಗೆ ಹೋದ ದಿನ ಅಲ್ಲಿ ಸಂತೆ. ಪಕೀರಪ್ಪ ನನಗೆ ಮಿರ್ಚಿ ತಿನ್ನಿಸಿ, ಆಮೇಲೆ ಹೊಲಕ್ಕೆ ಕರೆದುಕೊಂಡು ಹೋದ. ಬದುವಿನ ಮೇಲೆ ಒಂದು ಮುಂಗುಸಿ ನಮ್ಮನ್ನೇ ನೋಡುತ್ತ ಕೂತಿತ್ತು. "ಇದಕ್ಕೂ ಒಂದು ಕಾಗದ ಬರಿ ಅಂತ ನಿನ್ನ ಸೊಸಿಗೆ ಹೇಳು" ಎಂದು ಪಕೀರಪ್ಪ ನಕ್ಕ. ಬಾವಿ ನೀರಿನಲ್ಲಿ ಬೆಳೆದ ಹುಲ್ಲು, ಸಕ್ಕರೆಯಂಥದ್ದು. ನೀನು ನಿಶ್ಚಿಂತೆಯಿಂದ ತಿನ್ನಿಸು.

ನಿನ್ನ ಮಾಮು ಹುಸೇನಬಾಷಾ


ಹೈದರಾಬಾದ್
12 ಮಾರ್ಚ್ 2025

ಮಾಮುಗೆ ಸಲಾಂ.

ನಿಮ್ಮ ಕಾಗದ ಓದಿ ನಾನು ಎಷ್ಟು ಹಗುರವಾದೆ ಎಂದು ನಿಮಗೆ ಗೊತ್ತಿಲ್ಲ. ಇಷ್ಟು ದಿನ ಬರೆಯದೆ ಇಟ್ಟುಕೊಂಡಿದ್ದನ್ನು ಈಗ ಹೇಳುತ್ತೇನೆ.

ಔಷಧಿ ಕೊಟ್ಟ ಮೇಲೆ ತೆಗೆದ ಚಿತ್ರದಲ್ಲಿ ಹತ್ತೂ ಮೊಲಗಳ ಹೊಟ್ಟೆ ಬೆಳಗುತ್ತಿತ್ತು. ರಕ್ತಕ್ಕೆ ಬರೀ ಉಪ್ಪುನೀರು ಬಿಟ್ಟಿದ್ದ ಐದೂ ಸೇರಿ. ಕಬ್ಬಿಣವನ್ನೇ ಕೊಡದಿದ್ದವುಗಳ ಹೊಟ್ಟೆಯಲ್ಲಿ ದೀಪ ಹ್ಯಾಗೆ ಹತ್ತಬೇಕು? ದೀಪ ಲಿವರಿನಲ್ಲಿದೆಯೋ ಕರುಳಿನಲ್ಲಿದೆಯೋ ಎಂದು ಎಂಆರ್‌ಐ ಹೇಳಬೇಕಿತ್ತು. ಆದರೆ ಕಬ್ಬಿಣ ಹೆಚ್ಚಾದರೆ ಅದಕ್ಕೆ ಕಣ್ಣು ಕತ್ತಲೆ. ಹೊಟ್ಟೆಯಿದ್ದ ಜಾಗದಲ್ಲಿ ಸುಟ್ಟ ರೊಟ್ಟಿಯಂತೆ ಕಪ್ಪು ಕಲೆ. ಮನೆಯೂ ಇಲ್ಲ, ಕೋಣೆಯೂ ಇಲ್ಲ.

ನಮ್ಮ ಮುಖ್ಯಸ್ಥೆ ಸುಕನ್ಯಾ ಮೇಡಂ ಎಲ್ಲರನ್ನೂ ಕೂರಿಸಿ ಕೇಳಿದರು. ನಂಬರು ನೋಡದೆ ಉಪ್ಪುನೀರಿನ ಸೂಜಿಗಳಿಗೂ ಔಷಧಿಯನ್ನೇ ತುಂಬಿರಬೇಕು ಎನ್ನುವುದು ಎಲ್ಲರ ಊಹೆ. ಯಂಕೇಶ, "ಎರಡು ಸಲ ನಂಬರ ಓದೇನ್ರಿ ಮೇಡಂ" ಎಂದ. ಮತ್ತೆ ಕೇಳಿದರು. "ಓದೇನ್ರಿ" ಎಂದ. ಇನ್ನೊಮ್ಮೆ ಕೇಳಿದಾಗ, "ಓದೇನಿ ಅಂತ ಅನಸ್ತೈತ್ರಿ" ಎಂದ. ಅಲ್ಲಿಗೆ ಮುಗಿಯಿತು.

ಮಾಮು, ಇಲ್ಲಿ ಹೊರಗಿನ ಮೇವು ಹಾಕಬಾರದು ಎಂಬ ನಿಯಮವಿದೆ. ಅದನ್ನು ನಿಮಗೆ ನಾನು ಬರೆದಿರಲಿಲ್ಲ. ಆ ಸಭೆಯಲ್ಲಿ ನನ್ನ ನಾಲಿಗೆ ತುದಿಗೆ ಕರಕಿಯ ಮಾತು ಬಂದಿತ್ತು. ಆದರೆ ಅದರ ಹಿಂದಿನ ದಿನವೇ ನಿಮ್ಮ ಕಾಗದ ತಲುಪಿತ್ತು. ಬಾವಿ ನೀರಿನ ಹುಲ್ಲು ಎಂದು ಬರೆದಿದ್ದಿರಿ. ಅಂದಮೇಲೆ ಹುಲ್ಲಿಗೂ ಇದಕ್ಕೂ ಸಂಬಂಧವಿಲ್ಲ, ಹೇಳಿ ಏನು ಉಪಯೋಗ ಎಂದು ನನಗೆ ನಾನೇ ಹೇಳಿಕೊಂಡೆ.

ಚಿತ್ರ ಕೆಟ್ಟ ಮೊಲಗಳಿಂದ ಉಪಯೋಗವಿಲ್ಲ. ಶುಕ್ರವಾರ ಹತ್ತನ್ನೂ ಮತ್ತೆ ಏಳದ ಹಾಗೆ ಮಲಗಿಸಿಬಿಟ್ಟರು. ಆ ಕೆಲಸವನ್ನು ಯಂಕೇಶನ ಕೈಯಿಂದಲೇ ಮಾಡಿಸಿ, ಮರುದಿನದಿಂದ ಬರಬೇಡ ಎಂದರು. ಅವನು ಕುಷ್ಟಗಿಗೆ ಹೋದ. ನನಗೂ ಹೇಳಿ ಹೋಗಲಿಲ್ಲ.

ಆ ದಿನ ಬೆಳಿಗ್ಗೆ ನಾನು ಹೋಗಲಿಲ್ಲ. ರಂಜಾನಿನ ರೋಜಾ ಇದ್ದೇನೆ, ತಲೆ ಸುತ್ತುತ್ತಿದೆ ಎಂದು ಹೇಳಿ ಕಳಿಸಿದೆ. ಇಷ್ಟು ದಿನ ಅವುಗಳ ಹೊಟ್ಟೆ ತುಂಬಿಸಿದ್ದು ಆ ಒಂದು ದಿನಕ್ಕಾಗಿ. ಆ ದಿನವೇ ಹನಿ ನೀರು ಕೊಡಲಿಕ್ಕೂ ನಾನು ಇರಲಿಲ್ಲ.

ಒಂದೇ ಸಮಾಧಾನ, ನಮ್ಮ ಹುಲ್ಲಿನಿಂದ ಆಗಲಿಲ್ಲ.

ಉಜ್ಮಾ


ಭಾಗ್ಯನಗರ
30 ಮಾರ್ಚ್ 2025

ಬೇಟಿ ಉಜ್ಮಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ದಿನಾ ಪೆನ್ನು ಹಿಡಿದೆ, ದಿನಾ ಕೆಳಗಿಟ್ಟೆ. ಚಂದ್ರ ಕಂಡನಂತೆ, ಓಣಿಯಲ್ಲಿ ಪಟಾಕಿ ಹಚ್ಚುತ್ತಿದ್ದಾರೆ; ಮಿಂಚು ಕಾಣುತ್ತದೆ, ಸದ್ದು ನನಗಿಲ್ಲ. ನಾಳೆ ಈದ್ಗಾದಲ್ಲಿ ಜನರ ಎದೆಗೆ ಎದೆ ಹಚ್ಚಬೇಕು. ಇದನ್ನು ಇಟ್ಟುಕೊಂಡು ಹ್ಯಾಗೆ ಹಚ್ಚಲಿ?

ಎರಡನೇ ಚೀಲ ಪಕೀರಪ್ಪನ ಹೊಲದ್ದಲ್ಲ.

ಆ ದಿನ ಕನಕಗಿರಿಗೆಂದೇ ಹೊರಟಿದ್ದೆ. ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಗಂಗಾವತಿ ಬಸ್ಸಿನ ಮೆಟ್ಟಿಲಿಗೆ ಕಾಲು ಎತ್ತಿದರೆ ಮೊಣಕಾಲು ಮೇಲೆ ಬರಲಿಲ್ಲ. ಹಿಂದಿನವರು, "ಹತ್ರಿ, ಇಲ್ಲಾ ಸರೀರಿ ಅಜ್ಜಾರ" ಎಂದು ನೂಕಿದರು. ಸರಿದೆ. ಮನೆಗೆ ಬರುವಾಗ ಮಾರೆವ್ವ ಎದುರಾದಳು. "ಅಷ್ಟಕ್ಕ ಕನಕಗಿರಿಗ್ಯಾಕ ಹೊಕ್ಕೀರಿ ಸಾಬ್ರ? ಕಬ್ಬಿಣದ ಫ್ಯಾಕ್ಟರಿ ಗ್ವಾಡಿ ಮಗ್ಗಲಾಗ ಬೇಕಾದಷ್ಟು ಕರಕಿ ಐತಿ. ನಮ್ಮ ಆಡು ಮೊದಲ ಮೂಸಿ ಬಿಡ್ತಾವು, ಹಸದ ಮ್ಯಾಲ ತಿಂತಾವು" ಎಂದಳು. ಆಟೋದಲ್ಲಿ ಹೋಗಿ ಕೊಯ್ದೆ.

ನನಗೆ ಗೊತ್ತಾಗಲಿಲ್ಲ ಎಂದು ಬರೆಯಬಹುದಿತ್ತು. ಆದರೆ ಗೊತ್ತಾಗಿತ್ತು. ಕೊಯ್ಯುವಾಗಲೇ ಬೆರಳು ಕರ್ರಗಾದವು. ಮಸೀದಿಗೆ ಹೋಗಿ ನಮಾಜಿನ ಮೊದಲು ವಜೂಗೆ ಕೈ ತೊಳೆದರೆ ಮೊಣಕೈಯಿಂದ ಕರಿ ನೀರು ಇಳಿಯಿತು. ಪಕ್ಕದವನು ನನ್ನ ಕೈ ನೋಡಿ ಆಚೆ ಸರಿದು ಕೂತ. ಚೀಲ ಕೊಡವಿ ಕೊಡವಿ ಕಟ್ಟಿದೆ. ಮೊಲಕ್ಕೆ ಸ್ವಲ್ಪ ಧೂಳು ಏನು ಮಾಡೀತು ಎಂದುಕೊಂಡೆ.

ನೀನು ಎರಡೇ ಸಾಲು ಬರೆದು ಕೇಳಿದಾಗ ಬೈಯಲು ಕೇಳಿದೆಯೆಂದು ತಿಳಿದೆ. ಮುದುಕ ಸೋಮಾರಿಯಾದ ಎಂದುಕೊಳ್ಳುತ್ತೀ ಎಂಬ ನಾಚಿಕೆ. ಅದಕ್ಕೆ ಸಂತೆ ಹಚ್ಚಿದೆ, ಮಿರ್ಚಿ ಹಚ್ಚಿದೆ, ಮುಂಗುಸಿಯನ್ನು ತಂದು ಬದುವಿನ ಮೇಲೆ ಕೂರಿಸಿದೆ. ಬರೆಯುವಾಗ ಖುಷಿಯಾಗಿತ್ತು, ಅದನ್ನೂ ಹೇಳುತ್ತೇನೆ. ಇಲ್ಲದ ಆ ಮುಂಗುಸಿ ಹತ್ತು ಮೊಲ ತಿಂದಿತು, ಒಬ್ಬ ಹುಡುಗನ ಅನ್ನವನ್ನೂ ತಿಂದಿತು.

ಮಾಫ್ ಮಾಡು ಎಂದು ಕೇಳುವುದಿಲ್ಲ. ಮೊದಲು ಅವನು ಮಾಡಬೇಕು.

ಹುಸೇನಬಾಷಾ


ಹೈದರಾಬಾದ್
7 ಏಪ್ರಿಲ್ 2025

ಮಾಮು,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಹರಿದು ಹಾಕಲು ಹೋದೆ. ಆಗ ಮಂಚದ ಕೆಳಗೆ ಕಾಲಿಗೆ ತಾಗಿದ್ದು ನಿಮ್ಮದೇ ಚೀಲ. ತಳದಲ್ಲಿ ಇನ್ನೂ ಒಂದಿಷ್ಟು ಕರಕಿ ಇತ್ತು.

ಅದನ್ನು ಒಯ್ದು ಸುಕನ್ಯಾ ಮೇಡಂ ಮುಂದೆ ಇಟ್ಟು ಎಲ್ಲ ಹೇಳಿದೆ. ಅವರು ಒಂದು ಹಿಡಿ ಹುಲ್ಲನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಮೊಲ ಮಲಗಿಸುವ ತೊಟ್ಟಿಲಲ್ಲಿಟ್ಟು, ಕಬ್ಬಿಣ ನೋಡುವ ಮಷಿನ್‌ಗೆ ತೂರಿಸಿದರು. ಪರದೆ ಬೆಳಗಿತು, ಮಾಮು. ಉಪ್ಪುನೀರಿನ ಮೊಲಗಳ ಹೊಟ್ಟೆಯಲ್ಲಿ ಕಂಡ ಅದೇ ಬೆಳಕು.

"ಈ ಹುಲ್ಲು ನಿನ್ನ ಕೋಣೆಯಲ್ಲಿ ಸಭೆಯ ದಿನವೂ ಇತ್ತಾ?" ಎಂದು ಕೇಳಿದರು. ಇತ್ತು ಎಂದೆ. ಅಂದೇ ತಂದಿದ್ದರೆ, ನಾಲ್ಕು ದಿನ ಒಳ್ಳೆಯ ಮೇವು ಹಾಕಿ ಕಾದಿದ್ದರೆ ಸಾಕಿತ್ತಂತೆ. ಕರುಳಿನ ಕಬ್ಬಿಣ ಹಿಕ್ಕೆಯಲ್ಲಿ ಹೋಗುತ್ತಿತ್ತು. ಲಿವರಿನದು ಉಳಿದು ಸರಿಯಾಗಿ ಕಾಣುತ್ತಿತ್ತು. ಮೊಲಗಳು ಸುಮ್ಮಸುಮ್ಮನೆ ಸತ್ತವು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

ಪ್ರಾಣಿಗಳ ಕೋಣೆಗೆ ನನಗೆ ಇನ್ನು ಪ್ರವೇಶವಿಲ್ಲ, ಕಂಪ್ಯೂಟರಿನ ಕೆಲಸ ಮಾತ್ರ. ಮುಂದೇನು ಎಂದು ಪ್ರಾಣಿಗಳ ಪ್ರಯೋಗ ನೋಡಿಕೊಳ್ಳುವ ಸಮಿತಿ ಹೇಳಬೇಕು. ಯಂಕೇಶನನ್ನು ವಾಪಸ್ ಕರೆಯುತ್ತೇವೆ ಎಂದಿದ್ದಾರೆ. ಆದರೆ ಅವನ ಫೋನು ಹತ್ತುತ್ತಿಲ್ಲ. ನನ್ನ ಕಾಗದಕ್ಕೂ ಉತ್ತರವಿಲ್ಲ.

ಮಾಮು, ತಪ್ಪೆಲ್ಲ ನಿಮ್ಮ ಮೇಲೆ ಹಾಕಿಕೊಳ್ಳಬೇಡಿ. ನಿಮ್ಮ ಆ ಸುಳ್ಳು ನನಗೆ ಬೇಕಾಗಿತ್ತು. ನೀವು ನಿಜ ಬರೆದಿದ್ದರೂ ನಾನು ಎದ್ದು ನಿಂತು ಹೇಳುತ್ತಿದ್ದೆನೆಂದು ಆಣೆ ಮಾಡಲಾರೆ. ಬಾವಿ ನೀರು, ಬಾವಿ ನೀರು ಎಂದು ಅದನ್ನೇ ಜಪ ಮಾಡಿದೆ.

ಇನ್ನೊಂದು ಮಾತು. ಮಾರೆವ್ವನ ಆಡುಗಳು ಈಗಲೂ ಆ ಗೋಡೆಯ ಪಕ್ಕದಲ್ಲೇ ಮೇಯುತ್ತವೆಯೇ? ನಿಮ್ಮ ಚಹಾದ ಹಾಲು ಅವುಗಳದ್ದೇ ಅಲ್ಲವೇ?

ಉಜ್ಮಾ


ಭಾಗ್ಯನಗರ
16 ಏಪ್ರಿಲ್ 2025

ಬೇಟಿ ಉಜ್ಮಾಗೆ ದುವಾ.

ಕುಷ್ಟಗಿಗೆ ಹೋಗಿ ಬಂದೆ. ಈ ಸಲ ಬಸ್ಸಿನ ಮೆಟ್ಟಿಲನ್ನು ಕೈ ಹಚ್ಚಿ ಹತ್ತಿದೆ.

ಅವರಿವರನ್ನು ಕೇಳುತ್ತ ಹೋದರೆ, ಯಂಕೇಶ ಅಲ್ಲಿ ಬೀಜ ಗೊಬ್ಬರದ ಅಂಗಡಿಯಲ್ಲಿದ್ದಾನೆ. ಚೀಲ ಹೊರುತ್ತಿದ್ದ. ನಾನು ಯಾರೆಂದು ಹೇಳಿ, ಒಂದು ಕಡೆ ಕರೆದು ಮೆಲ್ಲಗೆ ಎಲ್ಲ ಹೇಳಬೇಕೆಂದುಕೊಂಡೆ. ಆದರೆ ಕಿವುಡನ ಮೆಲ್ಲಗೆ ಎಷ್ಟು ಮೆಲ್ಲಗೆ ಇರುತ್ತದೆ? ನನ್ನ ದನಿ ನನಗೇ ತಿಳಿಯುವುದಿಲ್ಲ. "ಹುಲ್ಲು ನಂದು! ಸುಳ್ಳ ಹೇಳಿದಾಂವ ನಾನು!" ಎಂದದ್ದು ಆಚೆ ಬದಿಯ ಹೋಟೆಲಿಗೂ ಕೇಳಿತು. ಜನ ಚಹಾದ ಗ್ಲಾಸು ಹಿಡಿದುಕೊಂಡೇ ಬಂದು ನಿಂತರು. ಜೀವನವಿಡೀ ನನ್ನ ಸುಳ್ಳು ಕೇಳಲು ಜನ ಸೇರಿದ್ದು ಕಂಡಿದ್ದೆ. ನಿಜ ಕೇಳಲಿಕ್ಕೂ ಸೇರುತ್ತಾರೆ.

ಹುಡುಗ ಚೀಲ ಇಳಿಸಿ ಏನೋ ಅಂದ. ತುಟಿ ಅಲುಗಿದ್ದು ಮಾತ್ರ ಕಂಡಿತು. "ಗಟ್ಟಿ ಹೇಳಪಾ, ನನಗ ಕೇಳಂಗಿಲ್ಲ" ಎಂದೆ. ಆಗ ಅವನು ಓಣಿಗೆಲ್ಲ ಕೇಳುವ ಹಾಗೆ ಕೂಗಿದ:

"ಹಂಗಾದ್ರ ನನ್ನ ಕೈ ಸರಿ ಇತ್ತೇನ್ರೀ?"

"ಸರಿ ಇತ್ತಪಾ. ಎಲ್ಲಾ ಸೂಜಿ ಸರಿ ಇದ್ದುವು."

ಅಲ್ಲೇ ಗೊಬ್ಬರದ ಚೀಲದ ಮೇಲೆ ಕೂತುಬಿಟ್ಟ.

ಅವನ ತಾಯಿ ಹುಲಗಮ್ಮ ಮನೆಗೆ ಕರೆದುಕೊಂಡು ಹೋದಳು. ಚಹಾ ಕೊಡಲಿಲ್ಲ, ಮೊದಲು ಬೈದಳು. "ಅಂಗಡ್ಯಾಗ ಕಾಲು ಕೇಜಿ ಬೀಜ ತೂಗಂದ್ರ ಒಲ್ಲೆ ಅಂತಾನ್ರಿ. ನಾ ತೂಗಿದ್ರ ತಪ್ಪತೈತಿ ಅಂತಾನ. ಔಷಧಿ ಬಾಟ್ಲಿ ಮ್ಯಾಲಿಂದು ಓದಂದ್ರ ಮತ್ತೊಬ್ಬರಿಗೆ ತೋರಸ್ತಾನ. ನೀವು ಮಾಮಾ-ಸೊಸಿ ಕೂಡಿ ಕಾಗದಾ ಬರಕೋಂತ ಕುಂತ್ರಿ, ನನ್ನ ಮಗಾ ಇಲ್ಲೆ ಹುಚ್ಚ ಆಗಾಕ ಹತ್ತಿದ್ದ." ನಾನು ತಲೆ ಬಗ್ಗಿಸಿ ಕೂತೆ. ಆ ಒಂದು ಸಲ ಮಾತ್ರ ನನಗೆ ಎಲ್ಲ ಸ್ಪಷ್ಟವಾಗಿ ಕೇಳಿಸಿತು.

ಊರಿಗೆ ಬಂದು ಮಾರೆವ್ವನಿಗೂ ಹೇಳಿದೆ. "ಹುಲ್ಲಿನ್ಯಾಗ ಕಬ್ಬಿಣ ಐತೆವ್ವಾ, ಆಡು ಅಲ್ಲಿ ಮೇಯಸಬ್ಯಾಡ" ಎಂದರೆ, "ಮತ್ತ ಎಲ್ಲೆ ಮೇಯಸ್ಲಿ ಸಾಬ್ರ? ಜಾಗಾ ತೋರಸ್ರಿ" ಎಂದಳು. ನನ್ನ ಹತ್ತಿರ ಜಾಗ ಇರಲಿಲ್ಲ. ಹಾಲಿನ ಗ್ಲಾಸು ಇಟ್ಟು ಹೋದಳು. ಎದುರಿಗಿದೆ. ಇನ್ನೂ ಕುಡಿದಿಲ್ಲ.

ಕುಷ್ಟಗಿಯಿಂದ ಹೊರಟಾಗ ಯಂಕೇಶ ನನ್ನನ್ನು ಬಸ್ಸಿಗೆ ಹತ್ತಿಸಲು ಬಂದಿದ್ದ. ವಾಪಸ್ ಹೋಗುತ್ತಾನೋ ಇಲ್ಲವೋ ಹೇಳಲಿಲ್ಲ. "ಅಕ್ಕಾರ ಮ್ಯಾಲ ಸಿಟ್ಟು ಐತ್ರಿ. ಅದು ಇಷ್ಟು ಜಲ್ದಿ ಇಳಿಯಂಗಿಲ್ಲ" ಎಂದ. ಹಾಗೇ ಬರೆಯುತ್ತೇನೆ ಎಂದೆ, ಬರೆದಿದ್ದೇನೆ.

ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ:

"ಹುಲ್ಲಿನ ವಾಸನಿ ನನಗ ಮೊದಲಿಂದ ಗೊತ್ತಿತ್ರಿ ಅಜ್ಜಾರ. ಯಾರ ಮುಂದೂ ಹೇಳಲಿಲ್ಲ. ಅದರಿಂದ ಹಿಂಗ ಆಗತೈತಿ ಅಂತ ನನಗರ ಏನ್ ಗೊತ್ತು? ಕಡೀ ದಿನ ನಾ ಒಬ್ಬಾಂವನ ಇದ್ದೆ. ಹತ್ತೂ ಎದ್ದು ನಿಂತು ಬಾಗಲಾ ನೋಡಾಕ ಹತ್ತಿದ್ವು, ಅಕ್ಕಾರು ಬರ್ತಾರಂತ. ಕಡೀಕ ನಾನ ಒಂದೊಂದಕ್ಕ ಅಂಗೈಯಾಗ ನೀರು ಹಾಕಿ ಕುಡಸಿದೆ. ಅಕ್ಕಾರು ಮಾಡ್ತಿದ್ರಲ್ಲ, ಹಂಗ."

ಇದನ್ನು ಬರೆದರೆ ನೀನು ಸಮಾಧಾನ ಪಡುತ್ತೀಯೋ ಅಳುತ್ತೀಯೋ ನನಗೆ ತಿಳಿಯದು. ಮೊದಲಾಗಿದ್ದರೆ ಬಾಗಿಲು ನೋಡಿದ್ದನ್ನು ಬಿಟ್ಟು, ನೀರು ಕುಡಿದದ್ದನ್ನು ಮಾತ್ರ ಬರೆಯುತ್ತಿದ್ದೆ.

ನಿನ್ನ ಮಾಮು
ಹುಸೇನಬಾಷಾ